ಹೆಸರಿಲ್ಲದ ಪೊಟ್ಟಣ

ಅವತ್ತು ನನ್ನ ಅಕ್ಕನ ಉಸಿರು ಕುಗ್ಗಿದ್ದು ಹಲ್ಲಿನ ಡಾಕ್ಟರು ಕೊಟ್ಟ ಗಾಳಿಯಿಂದಲ್ಲ. ನಾನು ಕೊಟ್ಟ ಮಾತ್ರೆಯಿಂದ. ಏನಾದರೂ ಕೊಟ್ಟಿದ್ದೀರಾ ಎಂದು ಡಾಕ್ಟರು ನನ್ನ ಮುಖ ನೋಡಿ ಕೇಳಿದರು. ಇಲ್ಲ ಎಂದೆ.

ಇಷ್ಟನ್ನು ಮೊದಲೇ ಹೇಳಿಬಿಡಬೇಕು. ನನ್ನ ಸ್ವಭಾವ ನನಗೆ ಗೊತ್ತು — ಸುತ್ತಿ ಬಳಸಿ ಹೇಳಲು ಬಿಟ್ಟರೆ ನಡುವೆ ಎಲ್ಲಾದರೂ ಒಂದು ಕಡೆ ಮಾತನ್ನು ನನಗೆ ಅನುಕೂಲವಾಗುವ ಹಾಗೆ ತಿರುಗಿಸಿಕೊಂಡುಬಿಡುತ್ತೇನೆ. ಇಷ್ಟು ವರ್ಷ ಮಾಡಿದ್ದೂ ಅದನ್ನೇ.

ನಂಜನಗೂಡಿನ ಬಜಾರಿನಲ್ಲಿ ನನ್ನದೊಂದು ಔಷಧಿ ಅಂಗಡಿ. ನನ್ನ ಹೆಸರು ಸಿದ್ದರಾಜು. ಓದಿದ್ದು ಡಿ.ಫಾರ್ಮ್, ಆದರೆ ದೇವನೂರು, ಕವಲಂದೆ ಕಡೆಯಿಂದ ಬಸ್ಸಿಳಿದು ಬರುವ ಅರ್ಧ ಜನಕ್ಕೆ ನಾನೇ ಡಾಕ್ಟರು. 'ಸಾ, ಸೊಂಟ ಇಡ್ಕಂಡದೆ, ಒಂದ್ ಮಾತ್ರೆ ಕೊಡಿ' ಎನ್ನುತ್ತಾರೆ. ನಾನು ಚೀಟಿ ಕೇಳುವವನಲ್ಲ. ಸ್ಟ್ರಿಪ್ಪಿನಿಂದ ಎರಡು ಬಿಳಿಯದು, ಒಂದು ಹಳದಿಯದು ಒತ್ತಿ ತೆಗೆದು, ಹಳೆಯ ಪೇಪರಿನ ತುಂಡಿನಲ್ಲಿ ಮಡಚಿ, ಪೊಟ್ಟಣ ಮಾಡಿ ಕೈಗಿಡುತ್ತಿದ್ದೆ. ಪೊಟ್ಟಣದ ಮೇಲೆ ಹೆಸರಿರುವುದಿಲ್ಲ. ಹೆಸರಿದ್ದರೆ ಮುಂದಿನ ಸಲ ಅವರು ಪಕ್ಕದ ಅಂಗಡಿಯಲ್ಲಿ ಕೇಳಿ ಕೊಳ್ಳುತ್ತಾರೆ. ಇಲ್ಲದಿದ್ದರೆ 'ಸಿದ್ರಾಜಣ್ಣ ಕೊಟ್ಟ ಮಾತ್ರೆ' ಎಂದು ನನ್ನನ್ನೇ ಹುಡುಕಿಕೊಂಡು ಬರಬೇಕು. ಅದರಲ್ಲಿ ವ್ಯಾಪಾರಕ್ಕಿಂತ ಹೆಚ್ಚಾಗಿ ಒಂದು ಅಮಲಿತ್ತು. ನನ್ನ ಕೈಗುಣ ಚೆನ್ನಾಗಿದೆ ಎಂದು ಜನ ಹೇಳುವಾಗ ನಾನು ಇಲ್ಲ ಎಂದು ತಲೆಯಾಡಿಸುತ್ತಿದ್ದೆ, ಆದರೆ ಒಳಗೊಳಗೇ ಉಬ್ಬುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಅಂಗಡಿಯ ಮೇಲಿನ ಮಹಡಿಗೆ ಡಾಕ್ಟರ್ ವಿನುತಾ ಬಂದರು. ನರಸೀಪುರದ ಹುಡುಗಿ, ಆಗ ಮೂವತ್ತು ದಾಟಿರಲಿಲ್ಲವೇನೋ. ಹಲ್ಲಿನ ಕ್ಲಿನಿಕ್ಕು. ಕುರ್ಚಿ, ದೀಪ ಎಲ್ಲ ಹೊಸದು. ಜೊತೆಗೆ ಚಕ್ರದ ಮೇಲೆ ನಿಲ್ಲಿಸಿದ ಒಂದು ಮೆಷಿನ್ನು, ಎರಡು ಸಿಲಿಂಡರು. ಅದೇನು ಎಂದು ಕೇಳಿದ್ದಕ್ಕೆ ಕೂರಿಸಿ ವಿವರಿಸಿದರು. ಹಲ್ಲು ಕೀಳಿಸಿಕೊಳ್ಳಲು ಹೆದರುವವರಿಗೆ ಮೂಗಿನ ಮೇಲೆ ಮಾಸ್ಕಿಟ್ಟು ಕೊಡುವ ಗಾಳಿ ಅದು. ಆಕ್ಸಿಜನ್ ಜೊತೆ ಬೆರೆಸಿಯೇ ಕೊಡುವುದು. ಮೈ ಹಗುರಾಗುತ್ತದೆ, ಭಯ ದೂರ ಸರಿಯುತ್ತದೆ, ಆದರೆ ಎಚ್ಚರವಿರುತ್ತದೆ, ಮಾತಾಡಿಸಿದರೆ ಮಾತಾಡುತ್ತಾರೆ. ನಿಲ್ಲಿಸಿದ ಸ್ವಲ್ಪ ಹೊತ್ತಿಗೆಲ್ಲ ಮೊದಲಿನಂತೆ ಆಗುತ್ತಾರೆ.

'ಸರಿಯಾಗಿ ನೋಡಿಕೊಂಡರೆ ತೊಂದರೆ ಇಲ್ಲ ಅಣ್ಣ,' ಎಂದಿದ್ದರು. 'ಆದರೆ ಮೊದಲೇ ನಿದ್ದೆ ಮಾತ್ರೆ ನುಂಗಿ ಬಂದಿದ್ದರೆ ಕಷ್ಟ. ಎರಡೂ ಸೇರಿ ಉಸಿರನ್ನೇ ತಗ್ಗಿಸಿಬಿಡಬಹುದು. ಅದಕ್ಕೇ ನಾನು ಎಲ್ಲರನ್ನೂ ಎರಡೆರಡು ಸಲ ಕೇಳೋದು.'

ಅಂದರೆ ನನಗೆ ಗೊತ್ತಿತ್ತು. ಓದಿದ್ದರಿಂದಲೂ ಗೊತ್ತಿತ್ತು, ಅವರ ಬಾಯಿಂದ ಕೇಳಿಯೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂಬ ಬಾಗಿಲನ್ನು ನಾನೇ ಮುಚ್ಚಿಕೊಳ್ಳುತ್ತಿದ್ದೇನೆ.

ಕೆಲವು ತಿಂಗಳು ಚೆನ್ನಾಗಿಯೇ ಇದ್ದೆವು. ಒಂದು ಮಧ್ಯಾಹ್ನ ಅವರು ಕೆಳಗಿಳಿದು ಬಂದು, ಗಿರಾಕಿಗಳು ನಿಂತಿರುವಾಗಲೇ ಒಂದು ಮಾತು ಹೇಳಿದರು. 'ಅಣ್ಣ, ನನ್ನ ಪೇಷಂಟುಗಳಿಗೆ ಬಿಡಿ ಮಾತ್ರೆ ಕಟ್ಟಿಕೊಡಬೇಡಿ. ಏನು ನುಂಗಿದ್ರಿ ಅಂದ್ರೆ ಬಿಳೀದು ಅಂತಾರೆ, ಗುಂಡಗಿತ್ತು ಅಂತಾರೆ. ನಾನು ಅದರ ಮೇಲೆ ಏನು ಕೊಡಲಿ?'

ದನಿ ಏರಿಸಲಿಲ್ಲ. ನಗುತ್ತಲೇ ಹೇಳಿದರು. ನಾನೂ ನಕ್ಕು 'ಆಯ್ತು ಮೇಡಂ' ಎಂದೆ. ಆದರೆ ಎದುರಿಗೆ ನಿಂತಿದ್ದ ಕವಲಂದೆಯ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ನೆನ್ನೆ ಮೊನ್ನೆ ಬಂದವಳು ನನಗೆ ಹೇಳಿಕೊಡುತ್ತಾಳಾ — ಆ ಮಾತನ್ನು ಎಷ್ಟೋ ದಿನ ಮನಸ್ಸಿನಲ್ಲೇ ಅಗಿಯುತ್ತಿದ್ದೆ.

ಈಗ ಅಕ್ಕನ ವಿಷಯ. ಗೌರಮ್ಮ. ಅವ್ವ ತೀರಿಕೊಂಡಾಗ ನಾನಿನ್ನೂ ಅಕ್ಷರ ತಿದ್ದುತ್ತಿದ್ದೆ. ನನ್ನನ್ನು ಬೆಳೆಸಿದವಳು ಇವಳೇ. ಕೊಟ್ಟಿದ್ದು ದೇವನೂರಿಗೆ. ಗದ್ದೆಯಲ್ಲಿ ಹಾವು ಕಂಡರೆ ಕುಡುಗೋಲು ಹಿಡಿದು ನಿಲ್ಲುವ ಹೆಂಗಸು, ಹಲ್ಲಿನ ಡಾಕ್ಟರು ಎಂದರೆ ಮಾತ್ರ ನಡುಗುತ್ತಿದ್ದಳು. ಚಿಕ್ಕವಳಿದ್ದಾಗ ಸಂತೆಯಲ್ಲಿ ಹಲ್ಲು ಕೀಳುವವನೊಬ್ಬ ಇಬ್ಬರ ಕೈಲಿ ಅವಳ ಹೆಗಲು ಹಿಡಿಸಿ ಇಕ್ಕಳ ಹಾಕಿದ್ದನಂತೆ. ಹಲ್ಲು ಅರ್ಧಕ್ಕೆ ಮುರಿದಿತ್ತಂತೆ. ಅಲ್ಲಿಂದ ಮುಂದೆ ಎಷ್ಟೇ ನೋವು ಬಂದರೂ ಲವಂಗ ಕಚ್ಚಿಕೊಂಡೇ ಕಾಲ ಹಾಕಿದಳು.

ಆ ವರ್ಷ ಬಲದವಡೆಯ ಹಲ್ಲು ಹುಳುಕಾಗಿ ಕೀವು ತುಂಬಿತು. ಅನ್ನ ಸೇರದು, ನಿದ್ದೆ ಬಾರದು. ಕೊನೆಗೆ ನಾನೇ ಗೋಗರೆದು ವಿನುತಾ ಅವರಿಗೆ ತೋರಿಸಿದೆ. ಅವರು ಅವಳ ಕೈ ಹಿಡಿದು ತುಂಬ ಹೊತ್ತು ಮಾತಾಡಿದರು, ಗಾಳಿಯ ವಿಷಯ ಹೇಳಿದರು, ಹಲ್ಲು ಕೀಳಲು ಒಂದು ಬೆಳಿಗ್ಗೆ ಗೊತ್ತು ಮಾಡಿದರು.

ಆ ಬೆಳಿಗ್ಗೆ ಅಕ್ಕ ಒಬ್ಬಳೇ ಬಸ್ಸಿಳಿದು ನೇರ ಅಂಗಡಿಗೆ ಬಂದಳು. ಫ್ರಿಜ್ಜಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಸೆರಗಿನ ತುದಿ ಹಿಡಿದ ಕೈ ನಡುಗುತ್ತಿತ್ತು.

'ಸಿದ್ದ, ನಂಗಾಗಕಿಲ್ಲ ಕಣ್ಲಾ. ವಾಪಸ್ ಓಯ್ತೀನಿ.'

ನಾನು ಒಳಗೆ ಹೋಗಿ ಒಂದು ನಿದ್ದೆ ಮಾತ್ರೆ ಒತ್ತಿ ತೆಗೆದೆ. ಯಾವುದಕ್ಕೆ ಎಂದು ಕೇಳಿದಳು. ಗ್ಯಾಸಿಗೆ ಎಂದೆ. ನಿದ್ದೆ ಮಾತ್ರೆ ಎಂದರೆ ಅದಕ್ಕೂ ಹೆದರುತ್ತಾಳೆ ಎಂದು — ಅಲ್ಲ, ಅದೂ ಪೂರ್ತಿ ನಿಜವಲ್ಲ. ಹೆಸರು ಹೇಳಿ ಕೊಡುವ ಅಭ್ಯಾಸವೇ ನನಗಿರಲಿಲ್ಲ. ಅವಳು ನೀರು ಕುಡಿದು ನುಂಗಿದಳು. ಅರ್ಧ ಗಂಟೆ ಕಳೆದರೂ ನಡುಕ ನಿಲ್ಲಲಿಲ್ಲ. ಇನ್ನೊಂದು ಕೊಟ್ಟೆ. ಅರವತ್ತು ದಾಟಿದ, ನೋವಿನಿಂದ ಸರಿಯಾಗಿ ಊಟ ಮಾಡದೆ ಕಡ್ಡಿಯಾಗಿದ್ದ ಹೆಂಗಸಿಗೆ ಎರಡು. 'ಮೇಲೆ ಡಾಕ್ಟ್ರಮ್ಮ ಕೇಳಿದ್ರೆ ನಾನು ಕೊಟ್ಟೆ ಅಂತ ಹೇಳಬೇಡ, ಸುಮ್ನೆ ಬೇಜಾರು ಮಾಡ್ಕೊತಾರೆ' ಎಂದೂ ಹೇಳಿಕೊಟ್ಟೆ. ಸ್ವಲ್ಪ ಹೊತ್ತಿಗೆ ಅವಳ ಮುಖ ಸಡಿಲವಾಯಿತು. 'ಏನೋ ಧೈರ್ಯ ಬಂದಂಗಾಯ್ತು ಕಣ್ಲಾ' ಎಂದಳು.

ಅಕ್ಕನ ಮೇಲಿನ ಮಮತೆಗೆ ಕೊಟ್ಟೆ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡಿದ್ದೇನೆ. ಮಮತೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದರ ಬೆನ್ನಿಗೆ ಇನ್ನೊಂದಿತ್ತು. ಅಕ್ಕ ಆ ಕುರ್ಚಿಯಲ್ಲಿ ಅಲುಗದೆ ಕೂತರೆ, ಅದು ಮೇಲಿನವಳ ಮೆಷಿನ್ನಿನಿಂದಲ್ಲ, ಕೆಳಗಿನ ನನ್ನ ಪೊಟ್ಟಣದಿಂದ ಎಂದು ನನಗೊಬ್ಬನಿಗಾದರೂ ಗೊತ್ತಿರಲಿ ಎಂಬ ಆಸೆ. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ. ಇಷ್ಟು ಚಿಕ್ಕ ಮನುಷ್ಯನೇ ನಾನು?

ಮೇಲೆ ಹೋದೆವು. ವಿನುತಾ ಅವರು ಎಂದಿನಂತೆ ಕೇಳಿದರು: 'ಅಮ್ಮ, ಬೆಳಿಗ್ಗೆಯಿಂದ ಯಾವ ಮಾತ್ರೆ ತಗೊಂಡ್ರಿ?' ಅಕ್ಕ ನನ್ನ ಕಡೆ ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ನಾನು, 'ಬಿಪಿದು ಒಂದೇ ಮೇಡಂ' ಎಂದೆ. ಅವರು ಅಕ್ಕನನ್ನೇ ಮತ್ತೊಮ್ಮೆ ಕೇಳಿದರು. ಅವಳು 'ಊ ಕಣವ್ವ' ಎಂದಳು. ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಹಾಕಿ, ಮೂಗಿಗೆ ಮಾಸ್ಕಿಟ್ಟರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ.

ಬೀಪ್ ಬೀಪ್ ಎನ್ನುತ್ತಿದ್ದ ಸದ್ದು ಬದಲಾದದ್ದು ನನಗೆ ಹೊರಗೇ ಕೇಳಿಸಿತು. 'ಅಮ್ಮ, ಅಮ್ಮ, ಕಣ್ಣು ಬಿಡಿ' ಎಂಬ ದನಿ. ಒಳಗೆ ಓಡಿದೆ. ಮರಗಟ್ಟಿಸುವ ಸೂಜಿಯನ್ನು ಇನ್ನೂ ಚುಚ್ಚಿರಲಿಲ್ಲ. ಅಕ್ಕನ ತುಟಿಯ ಬಣ್ಣ ಹೋಗಿತ್ತು. ವಿನುತಾ ಅವರು ಗಾಳಿ ನಿಲ್ಲಿಸಿ, ಬರೀ ಆಕ್ಸಿಜನ್ ಬಿಟ್ಟು, ಗದ್ದ ಎತ್ತಿ ಹಿಡಿದು, ಬಲೂನಿನಂಥ ಚೀಲ ಒತ್ತಿ ಉಸಿರು ತುಂಬುತ್ತಿದ್ದರು. ನರ್ಸಿಗೆ ಆಂಬುಲೆನ್ಸ್ ಕರೆಯಲು ಹೇಳಿದರು. ಕ್ಲಿಪ್ಪಿನ ಅಂಕಿ ಮೇಲೆ ಬಂತು, ಆದರೆ ಅಕ್ಕ ಏಳಲಿಲ್ಲ. ಗಾಳಿ ನಿಲ್ಲಿಸಿದ ಮೇಲೆ ಏಳಲೇಬೇಕಿತ್ತು.

ಆಗ ಅವರು ತಲೆಯೆತ್ತಿ ನನ್ನನ್ನು ನೋಡಿದರು.

'ಅಣ್ಣ, ಏನಾದ್ರೂ ಕೊಟ್ಟಿದ್ದೀರಾ? ನಾನು ಬಯ್ಯಲ್ಲ. ಏನು ಅಂತ ಗೊತ್ತಾದ್ರೆ ಅದನ್ನ ಇಳಿಸೋಕೆ ಔಷಧಿ ಇದೆ. ಹೇಳಿ.'

ಒಂದು ಮಾತು ಸಾಕಿತ್ತು. ಬಾಯಿಯವರೆಗೆ ಬಂದಿತ್ತು. ನರ್ಸು ನೋಡುತ್ತಿದ್ದಳು, ಬಾಗಿಲಲ್ಲಿ ಬೇರೆ ಪೇಷಂಟುಗಳು ನಿಂತಿದ್ದರು —

'ಇಲ್ಲ ಮೇಡಂ. ನಾನ್ಯಾಕೆ ಕೊಡಲಿ?'

ಇಲ್ಲ ಎಂದಷ್ಟೇ ಹೇಳಿದ್ದರೂ ಸುಳ್ಳಾಗುತ್ತಿತ್ತು. ಅದರ ಮೇಲೆ, ಕೇಳಿದ್ದೇ ಅವರ ತಪ್ಪು ಎನ್ನುವ ಹಾಗೆ, ನಾನ್ಯಾಕೆ ಕೊಡಲಿ ಎಂದೆ.

ಮೈಸೂರಿನ ದಾರಿಯಲ್ಲಿ ಆಂಬುಲೆನ್ಸಿನೊಳಗೆ ಅಕ್ಕನಿಗೆ ವಾಂತಿಯಾಯಿತು. ಎಚ್ಚರವಿಲ್ಲದ ಮೈ, ಅದು ಶ್ವಾಸಕೋಶಕ್ಕೆ ಇಳಿಯಿತು. ಆಸ್ಪತ್ರೆಯಲ್ಲೂ ಕೇಳಿದರು, ಅಲ್ಲೂ ಅದೇ ಉತ್ತರ ಕೊಟ್ಟೆ. ತಲೆಯ ಸ್ಕ್ಯಾನು ಮಾಡಿದರು, ಹೃದಯ ನೋಡಿದರು, ಏನೂ ಸಿಗಲಿಲ್ಲ. ಸಂಜೆಗೆ ಅವಳು ತಾನಾಗಿ ಕಣ್ಣು ಬಿಟ್ಟಳು. ಆದರೆ ಮಾರನೆಯ ದಿನ ಜ್ವರ, ಉಬ್ಬಸ. ವಾರಗಟ್ಟಲೆ ಐಸಿಯುವಿನಲ್ಲಿ ಮಲಗಿದಳು. ಆ ಹುಳುಕು ಹಲ್ಲನ್ನೂ ಅಲ್ಲಿಯೇ ತೆಗೆದರು. ಬದುಕಿ ಬಂದಳು. ಆದರೆ ಅವತ್ತಿನಿಂದ ಅವಳಿಗೆ ಹೊರೆ ಹೊತ್ತು ನಡೆಯಲಾಗುವುದಿಲ್ಲ, ಮೆಟ್ಟಿಲು ಹತ್ತಿದರೆ ನಡುವೆ ನಿಂತು ಉಸಿರು ಎಳೆದುಕೊಳ್ಳುತ್ತಾಳೆ.

ಅಕ್ಕನ ಮಗ ದೇವನೂರಿನಿಂದ ಜನ ಕರೆದುಕೊಂಡು ಬಂದು ಕ್ಲಿನಿಕ್ಕಿನ ಮುಂದೆ ಕೂಗಾಡಿದ. 'ಗಾಳಿ ಕೊಟ್ಟು ನಮ್ಮವ್ವನ್ನ ಸಾಯಿಸೋಕೋದೋಳು' ಎಂದ. ವಿನುತಾ ಅವರು ಬಾಗಿಲಲ್ಲೇ ನಿಂತು, 'ನಾನು ಕೇಳಬೇಕಾದ್ದನ್ನೆಲ್ಲ ಕೇಳಿದ್ದೆ' ಎಂದರು. ಅಷ್ಟೇ. ನಾನು ಕೆಳಗೆ ಅಂಗಡಿಯಲ್ಲಿದ್ದೆ. ಯಾರೋ 'ಏನ್ ಸಿದ್ರಾಜಣ್ಣ, ನಿಜವಾ?' ಎಂದು ಕೇಳಿದರು. ನಾನು ತಲೆಯಾಡಿಸಿದೆ. ಹೌದೆಂದೋ, ಅಲ್ಲವೆಂದೋ, ಅವರವರು ತಿಳಿದಂತೆ ತಿಳಿದುಕೊಳ್ಳಲಿ ಎನ್ನುವ ಹಾಗೆ. ಅವರು ಹೌದೆಂದೇ ತಿಳಿದರು.

ಆಮೇಲೆ ಮೇಲಿನ ಮೆಟ್ಟಿಲು ಹತ್ತುವವರು ಕಡಿಮೆಯಾದರು. ಕೊನೆಗೆ ವಿನುತಾ ಅವರು ತಮ್ಮ ಊರು ನರಸೀಪುರಕ್ಕೆ ಹೋಗುವುದೆಂದಾಯಿತು. ಬೋರ್ಡು ಇಳಿಸಲು ಏಣಿ ಬೇಕಾಗಿ ನನ್ನ ಅಂಗಡಿಯದನ್ನೇ ಕೇಳಿದರು. ಕೊಟ್ಟೆ. ಆಳು ಮೇಲೆ ಹತ್ತಿ ಮೊಳೆ ಕೀಳುವಾಗ ಕೆಳಗೆ ಏಣಿ ಹಿಡಿದು ನಿಂತವನೂ ನಾನೇ. ಹೋಗುವಾಗ 'ಥ್ಯಾಂಕ್ಸ್ ಅಣ್ಣ' ಎಂದರು. ಆಗಲಾದರೂ ಹೇಳಬಹುದಿತ್ತು.

ಅಕ್ಕ ಒಮ್ಮೆ, ಆಸ್ಪತ್ರೆಯಿಂದ ಬಂದ ಹೊಸತರಲ್ಲಿ, 'ಅವತ್ತು ನೀ ಕೊಟ್ಟಿದ್ದು ಏನ್ಲಾ?' ಎಂದು ಕೇಳಿದ್ದಳು. ಗ್ಯಾಸಿಂದು ಎಂದೆ. ಅವಳು ನಂಬಿದಳು. ನನ್ನನ್ನು ನಂಬದೆ ಇನ್ನಾರನ್ನು ನಂಬಿಯಾಳು? ನಂಬಿ, ಸುಳ್ಳೇ ಆಡದ ಆ ಬಾಯಲ್ಲಿ, ಕಂಡವರಿಗೆಲ್ಲ ಆ ಡಾಕ್ಟ್ರಮ್ಮನ ಕಥೆ ಹೇಳುತ್ತಾ ಬಂದಳು. ನಂಜನಗೂಡಿನ ಸುತ್ತಮುತ್ತ ನೀವಿದ್ದರೆ, ಗಾಳಿ ಕೊಟ್ಟು ಹೆಂಗಸನ್ನು ಕೊಲ್ಲಲು ಹೋದ ಹಲ್ಲಿನ ಡಾಕ್ಟರ ಕಥೆ ನೀವೂ ಕೇಳಿರಬಹುದು. ಅದನ್ನು ಕೇಳಿ ಹಲ್ಲುನೋವು ನುಂಗಿಕೊಂಡು ಮನೆಯಲ್ಲೇ ಉಳಿದವರಿರಬಹುದು. ಅವರಲ್ಲಿ ಕೆಲವರು ನನ್ನ ಅಂಗಡಿಗೇ ಬಂದು ನೋವಿನ ಮಾತ್ರೆ ಕಟ್ಟಿಸಿಕೊಂಡು ಹೋಗಿದ್ದಾರೆ.

ಹೀಗೇ ನಡೆದುಹೋಗುತ್ತಿತ್ತು. ನಡೆಸಿಕೊಂಡು ಹೋಗುತ್ತಿದ್ದೆ ಎನ್ನುವುದು ಸರಿ.

ಹೋದ ತಿಂಗಳು ಅಕ್ಕ ಅಂಗಡಿಗೆ ಬಂದಳು. ಈ ಸಲ ಎಡದವಡೆ. ಮುಖ ಊದಿ ಕಣ್ಣು ಸಣ್ಣಗಾಗಿತ್ತು, ಜ್ವರ ಬೇರೆ. ಅದೇ ಸ್ಟೂಲಿನ ಮೇಲೆ ಕೂತು ಉಸಿರು ಎಳೆದುಕೊಂಡಳು. ಇದನ್ನು ಬಿಟ್ಟರೆ ಕೀವು ಗಂಟಲಿಗಿಳಿಯುತ್ತದೆ, ಡಾಕ್ಟರ ಹತ್ತಿರ ಹೋಗಲೇಬೇಕು ಎಂದೆ. ಬೇಡ ಎಂದು ಹಟ ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿದಳು:

'ಓಗಾವು. ಆದ್ರೆ ಅವತ್ತು ಕೊಟ್ಟಿದ್ಯಲ್ಲ, ಗ್ಯಾಸಿನ್ ಮಾತ್ರೆ, ಅದ ಕೊಡು. ಆಳಾದ್ ಗಾಳಿ ಕೊಡೋಗಂಟ ಅದೊಂದೇ ಕಣ್ಲಾ ನಂಗೆ ಧೈರ್ಯ ಕೊಟ್ಟಿದ್ದು. ಅದ ಕೊಟ್ರೆ ಬತ್ತೀನಿ.'

ಕೈ ಚಾಚಿದಳು.

ಆ ಕೈಯನ್ನು ನೋಡುತ್ತಾ ನಿಂತೆ. ಈಗಲೂ ತಪ್ಪಿಸಿಕೊಳ್ಳಬಹುದಿತ್ತು — ಆ ಮಾತ್ರೆ ಈಗ ಬರುತ್ತಿಲ್ಲ ಎನ್ನಬಹುದಿತ್ತು, ನಿಜವಾದ ಗ್ಯಾಸಿನ ಮಾತ್ರೆಯನ್ನೇ ಕೊಟ್ಟುಬಿಡಬಹುದಿತ್ತು. ಎರಡೂ ಮನಸ್ಸಿಗೆ ಬಂದವು. ಬರಲಿಲ್ಲ ಎಂದು ಸುಳ್ಳು ಹೇಳಲಾರೆ.

'ಅದು ಗ್ಯಾಸಿನ ಮಾತ್ರೆ ಅಲ್ಲ ಕಣಕ್ಕ,' ಎಂದೆ. 'ನಿದ್ದೆ ಮಾತ್ರೆ. ಎರಡು ಕೊಟ್ಟಿದ್ದೆ. ಗಾಳಿ ಜೊತೆ ಸೇರಬಾರದಾಗಿತ್ತು. ಅದಕ್ಕೇ ನಿನಗೆ ಹಂಗಾಯ್ತು.'

ಚಾಚಿದ ಕೈ ನಿಧಾನವಾಗಿ ಮಡಿಲಿಗೆ ಬಂತು. ಬಯ್ಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

'ಅಂಗಾರೆ ಆ ಡಾಕ್ಟ್ರಮ್ಮಂದು ತಪ್ಪಿಲ್ವಾ?'

'ಇಲ್ಲ.'

'ಆಯಮ್ಮ ನಿನ್ನ ಕೇಳ್ನಿಲ್ವಾ?'

'ಕೇಳಿದ್ರು. ನೀನು ಅಲ್ಲೇ ಎಚ್ಚರ ತಪ್ಪಿ ಮಲಗಿದ್ದೆ. ನಾನು ಇಲ್ಲ ಅಂದೆ.'

ಅಕ್ಕ ಹೇಳಿದಳು, 'ಸಾಯೋದಿದ್ರೆ ಸಾಯ್ತಿದ್ದೆ ಬುಡು. ಊರ್ಗೆಲ್ಲ ನಾ ಅವ್ಳ ಮೇಲೆ ಯೋಳ್ಕಬಂದ್ನಲ್ಲ. ನನ್ ಬಾಯಲ್ಲಿ ಯೋಳಿಸ್ಬುಟ್ಯಲ್ಲೋ.' ಮತ್ತೆ ಎದ್ದು ನಿಂತಳು. 'ಎಲ್ಲವ್ಳೆ ಈಗ? ನರಸೀಪುರ್ದಲ್ಲಾ? ನಡಿ. ಮಾತ್ರೆಗೀತ್ರೆ ಏನೂ ಬ್ಯಾಡ.'

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಸೆರಗಿನ ತುದಿ ಹಿಡಿದ ಕೈ ಮತ್ತೆ ನಡುಗುತ್ತಿತ್ತು. ಈ ಸಲ ಅದನ್ನು ನಿಲ್ಲಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ವಿನುತಾ ಅವರ ಕೂದಲಲ್ಲಿ ಒಂದೆರಡು ಬಿಳಿ ಎಳೆ ಕಂಡವು. ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತರು. ಮೂಲೆಯಲ್ಲಿ ಆ ಮೆಷಿನ್ನು ಬೆಡ್‌ಶೀಟ್ ಹೊದ್ದು ನಿಂತಿತ್ತು. ನಾನು ಕೂರದೆ ಹೇಳಿದೆ. ಪೀಠಿಕೆ ಹಾಕಿದರೆ ಧೈರ್ಯ ಹೋಗುತ್ತದೆ ಎಂದು, ಇಲ್ಲಿ ನಿಮಗೆ ಮೊದಲೇ ಹೇಳಿದಂತೆಯೇ ಅಲ್ಲೂ ಹೇಳಿದೆ.

ಅವರು ಮೊದಲು ಕೇಳಿದ್ದು ಮಾತ್ರೆಯ ಹೆಸರು. ಆಮೇಲೆ ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿನ ಮುಂಚೆ. ಹೇಳಿದೆ. ಲೆಕ್ಕ ಹಾಕಿದವರಂತೆ ಒಂದು ಕ್ಷಣ ಕಣ್ಣು ಮುಚ್ಚಿದರು.

'ಅವತ್ತು ಕೇಳಿದ್ದೂ ಇಷ್ಟನ್ನೇ ಅಲ್ವಾ ಅಣ್ಣ,' ಎಂದರು. 'ಮೆಷಿನ್ ತಪ್ಪೋ, ನನ್ನ ಕೈ ತಪ್ಪೋ ಅಂತ ಎಷ್ಟು ಸಲ ಬಿಚ್ಚಿ ನೋಡಿದ್ದೀನಿ ಗೊತ್ತಾ? ಆಮೇಲೆ ಯಾರಿಗೂ ಕೊಡೋಕೆ ಧೈರ್ಯ ಬರಲಿಲ್ಲ. ಹೆದರೋರನ್ನೆಲ್ಲ ಮೈಸೂರಿಗೆ ಹೋಗಿ ಅಂದೆ. ಎಷ್ಟು ಜನ ಹೋದರೋ, ಎಷ್ಟು ಜನ ಹಂಗೇ ಮನೆಗೆ ಹೋದರೋ.'

ಕ್ಷಮಿಸಿ ಎಂದು ಕೇಳಲು ನನಗೆ ಮುಖವಿರಲಿಲ್ಲ. ಅವರೂ ಕ್ಷಮಿಸಿದೆ ಎನ್ನಲಿಲ್ಲ. 'ನೀವು ಹೊರಗೆ ಕೂತ್ಕೊಳಿ' ಎಂದರು.

ಬಾಗಿಲು ಅರ್ಧ ತೆರೆದಿತ್ತು. ಅಕ್ಕ ಕುರ್ಚಿಯ ತುದಿಯಲ್ಲಿ ಕೂತು, 'ನಾನು ನಿನ್ ಮೇಲೆ ಇಲ್ಲದ್ದ ಯೋಳ್ಬುಟ್ಟೆ ಕಣವ್ವ' ಎನ್ನುತ್ತಿದ್ದಳು. ಡಾಕ್ಟರು ಏನೆಂದರೋ ಕೇಳಿಸಲಿಲ್ಲ. ಅವತ್ತು ಬರೀ ಕೂತು ಎದ್ದು ಬಂದಳು. ಕೀವು ಇಳಿಯಲು ಮಾತ್ರೆ ಬರೆದುಕೊಟ್ಟಿದ್ದರು. ಅಕ್ಕನ ಉಸಿರು ಈಗ ಮೊದಲಿನಂತಿಲ್ಲ, ಆದ್ದರಿಂದ ಗಾಳಿ ಬೇಡ, ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ, ಜಾಗ ಮರಗಟ್ಟಿಸಿ ತೆಗೆಯುತ್ತೇನೆ ಎಂದರು. ಮುಂದಿನ ವಾರ ಹಾಗೆಯೇ ತೆಗೆದರು. ಅಕ್ಕ ಅತ್ತಳು, ಎದ್ದು ಓಡಲಿಲ್ಲ. ಆ ದಿನ ಅಕ್ಕನ ಜೊತೆ ಒಳಗೆ ಹೋದವಳು ಅವಳ ಸೊಸೆ. ನನ್ನನ್ನು ಯಾರೂ ಕರೆಯಲಿಲ್ಲ.

ಈಗ ಅಂಗಡಿಯಲ್ಲಿ ಪೊಟ್ಟಣ ಕಟ್ಟುವುದನ್ನು ಬಿಟ್ಟಿದ್ದೇನೆ. ಚೀಟಿ ಇಲ್ಲದೆ ಬಂದವರು ಮುಖ ಸಿಂಡರಿಸಿ ಪಕ್ಕದ ಅಂಗಡಿಗೆ ಹೋಗುತ್ತಾರೆ, ಹೋಗಲಿ. ಆ ಕಥೆ ಎತ್ತಿದವರಿಗೆ, 'ಅದು ಸುಳ್ಳು, ಮಾತ್ರೆ ಕೊಟ್ಟವನು ನಾನು' ಎನ್ನುತ್ತೇನೆ. ಕೆಲವರು ತಮಾಷೆ ಎಂದುಕೊಂಡು ನಗುತ್ತಾರೆ. ಎತ್ತದವರಿಗೂ ತಿಳಿಯಲಿ ಎಂದು ಇದನ್ನು ಬರೆದಿದ್ದೇನೆ.

ನರಸೀಪುರದಿಂದ ಮೊದಲ ದಿನ ವಾಪಸು ಬಂದಾಗ, ಡಾಕ್ಟರು ಬರೆದ ಮಾತ್ರೆಯನ್ನು ನನ್ನ ಅಂಗಡಿಯಲ್ಲೇ ತೆಗೆದುಕೊಂಡೆವು. ಅಭ್ಯಾಸಬಲ, ನನ್ನ ಹೆಬ್ಬೆರಳು ಸ್ಟ್ರಿಪ್ಪನ್ನು ಒತ್ತಲು ಹೋಗಿತ್ತು.

'ತಗೀಬ್ಯಾಡ,' ಎಂದಳು ಅಕ್ಕ. 'ಎಸ್ರು ಓದು.'

ಓದಿದೆ. ಯಾತಕ್ಕೆ ಎಂದಳು. ಕೀವಿಗೆ ಎಂದೆ. ದಿನಕ್ಕೆಷ್ಟು ಎಂದಳು. ಹೇಳಿದೆ. ಅವಳಿಗೆ ಓದು ಬರದು. ಚಿಕ್ಕಂದಿನಲ್ಲಿ ನನಗೆ ತುತ್ತು ಮಾಡಿ ತಿನ್ನಿಸಿದವಳು, ಇಷ್ಟು ವರ್ಷ ನಾನು ಏನು ಕೊಟ್ಟರೂ ನೋಡದೆ ನುಂಗಿದವಳು, ಆ ಸ್ಟ್ರಿಪ್ಪನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು. ಆಮೇಲೆ ಅದನ್ನು ಕೌಂಟರಿನಾಚೆ ನಿಂತಿದ್ದ ಗುರುತಿಲ್ಲದ ಗಿರಾಕಿಯೊಬ್ಬನ ಮುಂದೆ ಚಾಚಿದಳು.

'ಅಪ್ಪ, ಇದ್ರಲ್ಲಿ ಏನ್ ಬರ್ದವ್ರೆ, ವಸಿ ನೀ ಓದಿ ಯೋಳು.'